ಅತ್ತೆಗೆ ಓದಿದ ಪುಸ್ತಕ

ದೂರದ ಹಿಮಬೆಟ್ಟಗಳ ನಾಡಿನ ಕೋಕ್-ಸಾಯ್ ಹಳ್ಳಿಯ ಮಕ್ಕಳಿಗೆ ಯಾವುದಕ್ಕೂ ಕೊರತೆಯಿಲ್ಲ. ಹಾಲಿದೆ, ಬೆಣ್ಣೆಯಿದೆ, ಚಳಿಗೆ ಉಣ್ಣೆಯ ಕಾಲುಚೀಲವಿದೆ, ಎತ್ತಿ ಆಡಿಸಲು ಬೀದಿ ತುಂಬ ಜನರಿದ್ದಾರೆ. ಆದರೂ ಅನಾರ್ಕಾನಳ ಮನೆಯ ಬೆರ್ಮೆತ್ ನಾಲ್ಕು ವರ್ಷ ತುಂಬಿದರೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಮೂಗಿಯೇನಲ್ಲ. "ಅವ್ವ", "ಬೇಡ", "ಕೊಡು", "ಅಲ್ಲಿ" ಎಂಬಂಥ ಹತ್ತಿಪ್ಪತ್ತು ಮಾತಿನಲ್ಲೇ ಅವಳ ಸಂಸಾರ ಸಾಗುತ್ತಿತ್ತು. ಉಳಿದದ್ದಕ್ಕೆಲ್ಲ ಬೆರಳು. ಬೆರಳು ಯಾವ ಕಡೆ ತೋರಿಸಿತೋ ಆ ಕಡೆ ಅಜ್ಜಿ ಅನಾರ್ಕಾನ್ ಓಡುತ್ತಿದ್ದಳು.

ಬೆರ್ಮೆತ್ "ಅವ್ವ" ಎನ್ನುತ್ತಿದ್ದದ್ದು ಈ ಅಜ್ಜಿಯನ್ನೇ. ಮೊದಲ ಕೂಸು ಹಿರಿಯರ ಪಾಲು ಎನ್ನುವುದು ಆ ಕಡೆಯ ಪದ್ಧತಿ. ಅನಾರ್ಕಾನಳ ಗಂಡ ತೀರಿಹೋದ ವರ್ಷವೇ ಬೆರ್ಮೆತ್ ಹುಟ್ಟಿದಳು. ಮೊಲೆ ಬಿಡಿಸಿದ ದಿನ ಮಗ ಎರ್ಮೆಕ್, ಸೊಸೆ ಬೆಗಾಯಿಮ್ ಇಬ್ಬರೂ ಮಗುವನ್ನು ತಂದು ಅವಳ ಮಡಿಲಲ್ಲಿಟ್ಟರು. ಅಂದಿನಿಂದ ಮಗು ಮಲಗುವುದು ಅಜ್ಜಿಯ ಮಗ್ಗುಲಲ್ಲಿ, ಉಣ್ಣುವುದು ಅಜ್ಜಿಯ ಕೈಯಿಂದ. ಹೆತ್ತ ತಾಯಿಯನ್ನು ಅದು "ಅಕ್ಕ" ಎಂದು ಕರೆಯಿತು, ತಂದೆಯನ್ನು "ಅಣ್ಣ" ಎಂದಿತು. ಒಂದೇ ಸೂರಿನ ಕೆಳಗೇ ಇದ್ದಾರೆ, ಆದರೂ ಹಿರಿಯರ ಮುಂದೆ ತಂತಮ್ಮ ಮಗುವನ್ನು ಎತ್ತಿ ಮುದ್ದಾಡುವುದು ಅಲ್ಲಿ ನಾಚಿಕೆಗೇಡು. ಊರೇ ಹೀಗಿರುವಾಗ ಯಾರಿಗೂ ಇದು ವಿಚಿತ್ರವೆನಿಸಲಿಲ್ಲ.

ಮಾಘದ ಚಳಿಯಂಥ ಚಳಿಯಲ್ಲಿ ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದ ದಾದಿ ಕುಲಿಪಾ ಹಿಮ ಕೊಡವಿಕೊಂಡು ಒಳಗೆ ಬಂದಳು. ಅವಳು ಆ ಊರಿನಲ್ಲೇ ಹುಟ್ಟಿ ಬೆಳೆದವಳು. ಹಾಗಾಗಿ ಊರಿಗೆ ಸೊಸೆಯಾಗಿ ಬಂದ ಹಿರಿಯ ಹೆಂಗಸರೆಲ್ಲ ಅವಳಿಗೆ ಅತ್ತಿಗೆಯರೇ. ಸಲುಗೆಯೂ ಹೆಚ್ಚು, ನಾಲಿಗೆಯೂ ಉದ್ದ. ಮಗುವಿನ ತೂಕ ನೋಡಿದಳು, ಎತ್ತರ ನೋಡಿದಳು. ಹೋದ ತಿಂಗಳು ಪಟ್ಟಣದ ವೈದ್ಯರು ಕಿವಿ ಪರೀಕ್ಷೆ ಮಾಡಿ ಬರೆದುಕೊಟ್ಟ ಚೀಟಿಯನ್ನೂ ಓದಿದಳು. ಕಿವಿಯಲ್ಲಿ ಏನೂ ದೋಷವಿರಲಿಲ್ಲ. ಆಮೇಲೆ ಒಂದು ಹಾಳೆ ತೆಗೆದು ಪ್ರಶ್ನೆ ಶುರು ಮಾಡಿದಳು.

"ಅತ್ತಿಗೆ, ಇದೊಂದು ಹೇಳ್ಬಿಡಿ. ಕಳೆದ ಏಳು ದಿನದಲ್ಲಿ ಈ ಮನೆ ದೊಡ್ಡವರು ಮಗುಗೆ ಎಷ್ಟು ದಿನ ಪುಸ್ತಕ ಓದಿ ಹೇಳಿದ್ರಿ?"

"ಏಳು ದಿನಾನೂ," ಎಂದಳು ಅನಾರ್ಕಾನ್ ಕಣ್ಣು ಮಿಟುಕಿಸದೆ. "ಬೇಕಿದ್ರೆ ಎಂಟು ಅಂತ ಬರ್ಕೋ."

"ವಾರಕ್ಕೆ ಎಂಟು ದಿನ ಯಾವೂರಲ್ಲಿ ಅತ್ತಿಗೆ?"

"ನಮ್ಮನೇಲಿ ಕೆಲಸ ಜಾಸ್ತಿ ಕಣೇ. ಅದಕ್ಕೆ ದಿನಾನೂ ಜಾಸ್ತಿ."

ಬಾಗಿಲ ಕಡೆಯ ತುದಿಯಲ್ಲಿ ಕುಳಿತು ಚಹಾ ಬಗ್ಗಿಸುತ್ತಿದ್ದ ಬೆಗಾಯಿಮ್ ತಲೆ ತಗ್ಗಿಸಿದಳು. ನಗು ತಡೆಯಲೋ, ಮತ್ತೇನನ್ನಾದರೂ ತಡೆಯಲೋ ತಿಳಿಯಲಿಲ್ಲ. ಕುಲಿಪಾ ಚೀಲದಿಂದ ಒಂದು ಬಣ್ಣದ ಪುಸ್ತಕ ತೆಗೆದು ಬೆರ್ಮೆತ್‌ಗೆ ಕೊಟ್ಟಳು. ಮುಖಪುಟದ ಮೇಲೆ ಒಂದು ಮೇಕೆಮರಿಯಿತ್ತು.

ಮಗು ಎರಡೂ ಕೈಯಲ್ಲಿ ಪುಸ್ತಕ ತೆಗೆದುಕೊಂಡಿತು. ಮುತ್ತಿಟ್ಟಿತು, ಹಣೆಗೆ ಒತ್ತಿಕೊಂಡಿತು. ಗೋಡೆಯ ಪಕ್ಕ ಪೆಟ್ಟಿಗೆಯ ಮೇಲೆ ಸೂರಿನ ತನಕ ಪೇರಿಸಿಟ್ಟ ರಜಾಯಿಗಳ ಕಡೆ ನಡೆದು, ತುತ್ತತುದಿಗೆ ಬೆರಳು ತೋರಿಸಿ, "ಅವ್ವ, ಅಲ್ಲಿ" ಎಂದಿತು. ಅಲ್ಲಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಧರ್ಮಗ್ರಂಥ ಇತ್ತು.

ಅನಾರ್ಕಾನ್ ಉಬ್ಬಿಹೋದಳು. "ನೋಡಿದ್ಯಾ ನಮ್ಮ ಮಗು ಸಂಸ್ಕಾರಾನ! ಪುಸ್ತಕ ಅಂದ್ರೆ ಎಷ್ಟು ಗೌರವ!"

"ನೋಡ್ದೆ ಅತ್ತಿಗೆ. ದೇವರ ಪುಸ್ತಕಕ್ಕೆ ಆ ಜಾಗ ಸರಿಯೇ. ಆದ್ರೆ ಪುಸ್ತಕ ಅಂದ್ರೆಲ್ಲಾ ಮೇಲಿಡೋ ವಸ್ತು ಅಂತ ತಿಳ್ಕೊಂಡಿದೆ ಮಗು. ಬಿಚ್ಚೋ ವಸ್ತು ಅಂತ ಅದಕ್ಕೆ ಯಾರೂ ತೋರ್ಸಿಲ್ಲ." ಕುಲಿಪಾ ಹಾಳೆಯ ಮೇಲೆ ಬಗ್ಗಿದಳು. "ಸೊನ್ನೆ ಬರ್ಕೋತೀನಿ. ಬೇಜಾರ್ ಮಾಡ್ಕೋಬೇಡಿ."

ಬೇಜಾರಾಗದೆ ಇರುತ್ತದೆಯೇ? ಅನಾರ್ಕಾನಳ ಮುಖ ಕೆಂಪಾಯಿತು. "ಏನೇ, ನಮಗ್ಯಾರು ಓದಿ ಹೇಳಿದ್ರು? ನಮ್ಮಜ್ಜಂಗೆ ಒಂದಕ್ಷರ ಬರ್ತಿರ್ಲಿಲ್ಲ. ಮಾತಾಡೋಕೆ ನಿಂತ ಅಂದ್ರೆ ಮದುವೆ ಮನೇನೇ ಗಪ್‌ಚುಪ್!"

"ಅಕ್ಷರ ಬರ್ದೇ ಇದ್ರೂ ಆತ ಕಥೆ ಹೇಳ್ತಿದ್ನಲ್ಲ ಅತ್ತಿಗೆ? ಮೊಮ್ಮಕ್ಕಳ್ನ ಸುತ್ತ ಕೂರಿಸ್ಕೊಂಡು? ಈಗ ಈ ಮನೇಲಿ ಯಾರು ಹೇಳ್ತಾರೆ?"

ಅನಾರ್ಕಾನಳ ಕಣ್ಣು ಟಿವಿಯ ಕಡೆ ಹೋಯಿತು. ಅದು ಯಾವಾಗಲೂ ಹಚ್ಚಿಯೇ ಇರುತ್ತಿತ್ತು.

"ಅದು ಹೇಳುತ್ತೆ, ಸರಿ," ಎಂದಳು ಕುಲಿಪಾ. "ಮಗು 'ಯಾಕೆ' ಅಂತ ಕೇಳಿದ್ರೆ ತಿರುಗಿ ಹೇಳುತ್ತಾ? ಮಗು ನಕ್ರೆ ಅದು ನಗುತ್ತಾ? ಮಾತು ಅನ್ನೋದು ಮನುಷ್ಯರ ಬಾಯಿಂದ ಮಗು ಕಿವಿಗೆ ಬೀಳ್ಬೇಕು. ನೀವೋ, ಅದು ಬೆರಳೆತ್ತೋಕೆ ಮುಂಚೆ ಎಲ್ಲಾ ತಂದು ಕೊಡ್ತೀರಿ. ಮಾತಾಡೋ ದರ್ದು ಏನಿದೆ ಅದಕ್ಕೆ? ಇನ್ನೆರಡು ವರ್ಷಕ್ಕೆ ಶಾಲೆ."

"ಶಾಲೇಲಿ ಕಲ್ಸಲ್ವಾ? ಮೇಷ್ಟ್ರು ಮತ್ಯಾಕೆ ಇರೋದು?"

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ ಅತ್ತಿಗೆ? ನಮ್ಮ ಶಾಲೆ ಮೇಡಂ ಹೇಳ್ತಿದ್ರು, ಮನೇಲಿ ಕಥೆ ಕೇಳಿದ ಮಗು ಯಾವುದು ಅಂತ ಮೊದಲ ವಾರದಲ್ಲೇ ಗೊತ್ತಾಗುತ್ತಂತೆ. ಅದು ಪ್ರಶ್ನೆ ಕೇಳುತ್ತಂತೆ."

"ನನ್ನ ಕಣ್ಣು ಸೂಜಿಗೇ ಹೋಯ್ತು. ನಾನೆಲ್ಲಿ ಓದ್ಲಿ?"

"ಸೊಸೆ ಇದಾಳಲ್ಲ. ಶಾಲೇಲಿ ಇವಳು ಓದೋಕೆ ನಿಂತ್ರೆ ಪಕ್ಕದ ತರಗತಿಯವರೂ ಕೇಳ್ತಿದ್ರು."

ಬಟ್ಟಲಿಗೆ ಬೀಳುತ್ತಿದ್ದ ಚಹಾದ ಸದ್ದು ನಿಂತಿತು. ಅನಾರ್ಕಾನ್ ಗಂಟಲು ಸರಿಪಡಿಸಿಕೊಂಡಳು. "ಅತ್ತೆ ಮುಂದೆ ತನ್ನ ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಮುದ್ದು ಮಾಡೋದಾ? ಚೆನ್ನಾಗಿದೆ ನಿನ್ನ ಬುದ್ಧಿ. ಊರವ್ರು ಏನಂದಾರು?"

"ಮುದ್ದು ಮಾಡು ಅಂದ್ನಾ ನಾನು? ಓದು ಅಂದೆ." ಕುಲಿಪಾ ಬೆರ್ಮೆತ್‌ಳ ಕಡೆ ನೋಡಿ, ಧ್ವನಿ ಇಳಿಸಿದಳು. "ಹಿಂಗ್ ಮಾಡಿ. ಅವಳು ಮಗುಗೆ ಓದೋದೇ ಬೇಡ. ನಿಮಗೆ ಓದ್ಲಿ. ನೀವು ದಿನವೆಲ್ಲಾ ಹಾಸು ಹೊಲೀತಾ ಕೂರ್ತೀರಿ, ಕೈಗೆ ಕೆಲಸ, ಕಿವಿ ಖಾಲಿ. ಸೊಸೆ ಅತ್ತೆಗೆ ಸೇವೆ ಮಾಡಿದ್ರೆ ಯಾವ ಊರವ್ರು ಬೇಡ ಅಂತಾರೆ? ಮಗು ಪಕ್ಕದಲ್ಲಿರುತ್ತೆ, ಅಷ್ಟೇ. ದಿನಾ ಹತ್ತೇ ನಿಮಿಷ. ಒಂದಿನ ಒಂದು ಗಂಟೆ ಓದಿ ವಾರ ಸುಮ್ಮನಿರೋದಕ್ಕಿಂತ ದಿನಾ ಹತ್ತು ನಿಮಿಷ ಮೇಲು."

ಅನಾರ್ಕಾನ್ ತಲೆಯಾಡಿಸಿದಳು. ಒಪ್ಪಿದಳು ಅನ್ನುವುದಕ್ಕಿಂತ ಸೋತಳು ಅನ್ನಬಹುದು.

ಮರುದಿನ ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ಅನಾರ್ಕಾನ್ ಹಾಸು ಹರಡಿಕೊಂಡಳು. ಉಣ್ಣೆ ಬಡಿದು ಮಾಡಿದ ದಪ್ಪ ಕಂಬಳಿಯ ಮೇಲೆ ಕೊಂಬಿನಾಕಾರದ ಕೆಂಪು, ಕಪ್ಪು ತುಂಡುಗಳನ್ನು ಕೂಡಿಸಿ ಹೊಲಿಯುವ ಕೆಲಸ ಅದು. ಮೊಮ್ಮಗಳು ಮಡಿಲಲ್ಲಿದ್ದಳು. ಬೆಗಾಯಿಮ್ ದೂರದಲ್ಲಿ ಮಂಡಿಯೂರಿ ಪುಸ್ತಕ ತೆರೆದಳು. ಅತ್ತೆಯ ಮುಂದೆ ಧ್ವನಿ ಎತ್ತಿ ಗೊತ್ತಿಲ್ಲದವಳು. ತುಟಿಯೇನೋ ಅಲುಗಿತು, ಮಾತು ಹೊರಗೆ ಬರಲಿಲ್ಲ.

"ಏನದು, ಸೊಳ್ಳೆ ಗುಂಯ್ ಅಂದಂಗೆ?" ಎಂದಳು ಅನಾರ್ಕಾನ್. "ನನಗೆ ಓದ್ತಿದ್ಯೋ, ಒಲೆಗೆ ಓದ್ತಿದ್ಯೋ? ಜೋರಾಗಿ ಓದು ಹುಡುಗಿ."

ಮದುವೆಯಾಗಿ ಬಂದ ಆರು ವರ್ಷದಲ್ಲಿ ಆ ಮನೆಯಲ್ಲಿ ಬೆಗಾಯಿಮ್‌ಗೆ ಜೋರಾಗಿ ಮಾತಾಡು ಎಂದು ಹೇಳಿದ್ದು ಅದೇ ಮೊದಲು. ಅವಳು ಒಮ್ಮೆ ಉಸಿರೆಳೆದುಕೊಂಡಳು.

"ಬೆಟ್ಟದ ಮೇಲಿನ ಮೇಕೆಮರಿ ತನ್ನ ಗಂಟೆ ಕಳ್ಕೊಂಡಿತ್ತು. ಗಂಟೆ ಸದ್ದಿಲ್ದೆ ಅಮ್ಮಂಗೆ ತಾನೆಲ್ಲಿದೀನಿ ಅಂತ ಹೇಗೆ ಗೊತ್ತಾಗುತ್ತೆ? ಅದು ಕಾಗೆ ಹತ್ರ ಹೋಯ್ತು. ಕಾಗೆ ಮಾವ, ಕಾಗೆ ಮಾವ, ನನ್ನ ಗಂಟೆ ನೋಡಿದ್ಯಾ?"

ಅನಾರ್ಕಾನಳ ಸೂಜಿ ನಿಧಾನವಾಯಿತು. ಅಬ್ಬಾ, ಈ ಹುಡುಗಿಗೆ ಇಂಥ ಧ್ವನಿ ಇತ್ತೇ! ಕಾಗೆಗೆ ಒಂದು ಗಂಟಲು, ಮರಿಗೆ ಇನ್ನೊಂದು. ನಾಲ್ಕು ಪುಟ ಮುಗಿದ ಮೇಲೆ ಬೆಗಾಯಿಮ್ ಪುಸ್ತಕ ಮಡಚಿ, "ಸಾಕಾ ಅತ್ತೆ?" ಎಂದಳು. ಅನಾರ್ಕಾನ್ "ಹೂಂ" ಎನ್ನಬೇಕು, ಅಷ್ಟರಲ್ಲಿ ಮಡಿಲಲ್ಲಿದ್ದ ಮಗು ಕುತ್ತಿಗೆ ಚಾಚಿ ಕೇಳಿತು:

"ಆಮೇಲೆ?"

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿದರು. ಬೆರ್ಮೆತ್ ಅಲ್ಲಿಯ ತನಕ ಯಾವ ಪ್ರಶ್ನೆಯನ್ನೂ ಕೇಳಿದವಳಲ್ಲ.

ಎರಡನೆಯ ದಿನವೂ ಓದು ನಡೆಯಿತು. ಮೂರನೆಯ ದಿನ ಹಸು ಕರು ಹಾಕಿತು, ಪುಸ್ತಕ ಯಾರಿಗೆ ನೆನಪು? ನಾಲ್ಕನೆಯ ದಿನ ಬೆರ್ಮೆತ್ ತಾನೇ ಪುಸ್ತಕ ಎಳೆದು ತಂದು ಅನಾರ್ಕಾನಳ ಹೊಲಿಗೆಯ ಮೇಲೆ ಧೊಪ್ಪನೆ ಇಟ್ಟಳು. ಕಾಗೆಯಾಯಿತು, ಬಿಲದ ಇಲಿಯಾಯಿತು, ಜೂಲಿನ ಕಾಡೆಮ್ಮೆಯಂಥ ಯಾಕ್ ಆಯಿತು. ಓದಿದ್ದನ್ನೇ ಮತ್ತೆ ಓದಬೇಕು, ಒಂದು ಸಾಲು ಹಾರಿಸುವಂತಿಲ್ಲ. "ನಂಗೇ ಬಾಯಿಪಾಠ ಆಯ್ತು ಕಣಮ್ಮ," ಎಂದು ಅನಾರ್ಕಾನ್ ಗೊಣಗಿದಳು. ಗೊಣಗಿದಳೇ ಹೊರತು ನಿಲ್ಲಿಸು ಎನ್ನಲಿಲ್ಲ. ಮರಿಗೆ ಗಂಟೆ ಸಿಕ್ಕಿತೋ ಇಲ್ಲವೋ ಎಂಬ ಕುತೂಹಲ ಅವಳಿಗೂ ಇತ್ತು. ದಿನಕ್ಕೆ ಹತ್ತೇ ನಿಮಿಷವೆಂಬ ಕರಾರು, ಮೊದಲಿನಿಂದ ಶುರು ಮಾಡಬೇಕೆಂಬ ಮಗುವಿನ ಹಟ. ಹೀಗಾಗಿ ಕಥೆ ಕೊನೆ ಮುಟ್ಟಿಯೇ ಇರಲಿಲ್ಲ.

ಹತ್ತನೆಯ ದಿನ ಬೆರ್ಮೆತ್ ಅನಾರ್ಕಾನಳ ಮಡಿಲಿನಿಂದ ಜಾರಿ ಇಳಿದಳು. ಚಿತ್ರ ಕಾಣುತ್ತಿರಲಿಲ್ಲ, ಅದಕ್ಕೆ. ತೆವಳಿಕೊಂಡು ಹೋಗಿ ಬೆಗಾಯಿಮ್‌ಗೆ ಒರಗಿ ಕುಳಿತಳು. ಬೆಗಾಯಿಮ್ ಕೈ ಎತ್ತಿ ಮಗುವಿನ ಬೆನ್ನಿನ ಹತ್ತಿರ ತಂದಳು, ಅತ್ತೆಯ ಕಡೆ ನೋಡಿದಳು, ಕೈ ಹಿಂದಕ್ಕೆ ತೆಗೆದುಕೊಂಡು ಪುಟ ತಿರುವಿದಳು. ಅನಾರ್ಕಾನ್ ಎಲ್ಲ ಕಂಡಳು. ಮಡಿಲು ತಣ್ಣಗಾಗಿತ್ತು.

ಮುಂದೆ ಅವಳು ಮಾಡಿದ್ದನ್ನು ಮುಚ್ಚಿಟ್ಟು ಕಥೆ ಹೇಳುವುದು ನನ್ನಿಂದಾಗದು. ಬೆಗಾಯಿಮ್ ನೀರಿಗೆ ಹೋದ ಸಮಯ ನೋಡಿ ಅವಳು ಆ ಪುಸ್ತಕವನ್ನು ಮೂಲೆಯ ಸಣ್ಣ ಪೆಟ್ಟಿಗೆಯೊಳಗೆ, ಗಂಡನ ಹಳೆಯ ಕೋಟಿನ ಕೆಳಗೆ ತುರುಕಿ ಬೀಗ ಹಾಕಿದಳು. ಸೊಸೆ ಬಂದ ಮೇಲೆ, "ಹಾಸು ಈ ವಾರದೊಳಗೆ ಮುಗೀಬೇಕು, ಓದೋದು ಗೀದೋದು ಸದ್ಯಕ್ಕೆ ಬೇಡ" ಎಂದಳು. ಬೆಗಾಯಿಮ್ "ಆಯ್ತು ಅತ್ತೆ" ಎಂದಳು. ಪುಸ್ತಕವೆಲ್ಲಿ ಎಂದು ಕೇಳಲಿಲ್ಲ. ಆ ಮನೆಯ ಸೊಸೆಯಂದಿರು ಕೇಳುವುದಿಲ್ಲ. ಬೆರ್ಮೆತ್ ಮಾತ್ರ ಮನೆಯ ಮೂಲೆ ಮೂಲೆ ಹುಡುಕಿದಳು. "ಮರಿ ಎಲ್ಲಿ?" ಎಂದು ಒಂದು ದಿನ ಕೇಳಿದಳು, ಇನ್ನೊಂದು ದಿನ ಕೇಳಿದಳು. ಮೂರನೆಯ ದಿನ ಕೇಳುವುದನ್ನೇ ಬಿಟ್ಟು ಮತ್ತೆ ಬೆರಳು ತೋರಿಸತೊಡಗಿದಳು. ಟಿವಿ ಹಚ್ಚಿತ್ತು. ಮಗು ಪುನಃ ಅನಾರ್ಕಾನಳ ಮಡಿಲಿಗೇ ಬಂದು ಕೂತಿತು. ಬೇಕಾದದ್ದು ಸಿಕ್ಕಿತಲ್ಲ, ಇನ್ನೇನು? ಆದರೆ ಅನಾರ್ಕಾನ್ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ನಾಲ್ಕನೆಯ ದಿನ ಊಟವಾದ ಮೇಲೆ ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಬೆಗಾಯಿಮ್ ಕೊಟ್ಟಿಗೆಯಲ್ಲಿದ್ದಳು. ಮೂಲೆಯಲ್ಲಿ ಬೆರ್ಮೆತ್ ಹೊಲಿಗೆಯಲ್ಲಿ ಉಳಿದ ಉಣ್ಣೆ ಚೂರುಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದಳು. ಬಿಳಿ ಚೂರೊಂದನ್ನು ಕುಣಿಸುತ್ತಾ ಕಪ್ಪು ಚೂರಿನ ಹತ್ತಿರ ತಂದಳು.

"ಕಾಗೆ ಮಾವ, ಕಾಗೆ ಮಾವ, ನನ್ನ ಗಂಟೆ ನೋಡಿದ್ಯಾ? ನಾನು ನೋಡ್ಲಿಲ್ಲ ಮರಿ. ಇಲಿನ ಕೇಳು, ಅದು ನೆಲದೊಳಗೆ ಇರುತ್ತೆ, ಅದಕ್ಕೆಲ್ಲಾ ಕೇಳ್ಸುತ್ತೆ."

ಅನಾರ್ಕಾನ್ ಕಣ್ಣು ತೆರೆಯಲಿಲ್ಲ, ಉಸಿರನ್ನೂ ಬಿಡಲಿಲ್ಲ. ಇಷ್ಟುದ್ದ ಮಾತು ಈ ಮಗುವಿನ ಬಾಯಲ್ಲಿ! ಅದೂ ಬೆಗಾಯಿಮ್ ಓದುವ ಹಾಗೆಯೇ, ಕಾಗೆಗೆ ಗೊಗ್ಗರು ದನಿ, ಮರಿಗೆ ಸಣ್ಣ ದನಿ. ಮಗು ಇಲಿಯನ್ನು ಕೇಳಿತು, ಯಾಕ್ ಅನ್ನು ಕೇಳಿತು. ಆಮೇಲೆ ಬಿಳಿ ಚೂರನ್ನು ಕೈಯಲ್ಲೇ ಹಿಡಿದು ಸುಮ್ಮನಾಯಿತು.

"ಆಮೇಲೆ ಗೊತ್ತಿಲ್ಲ," ಎಂದು ಉಣ್ಣೆ ಚೂರಿಗೆ ಹೇಳಿತು. "ಅಕ್ಕ ಸುಮ್ಮನಾಗ್ಬಿಟ್ಳು."

ಅನಾರ್ಕಾನಳಿಗೆ ತನ್ನ ಹಳೆಯ ದಿನಗಳು ನೆನಪಾದವು. ಅವಳಿಗೂ ಒಬ್ಬ ಮೊದಲ ಮಗನಿದ್ದ, ಎರ್ಮೆಕ್‌ಗಿಂತ ಹಿರಿಯವನು, ಕುಬಾತ್. ಅವನನ್ನು ಅವಳ ಅತ್ತೆ ಬೆಳೆಸಿದರು. ಈಗ ಜಿಲ್ಲಾ ಪಟ್ಟಣದಲ್ಲಿ ಬಸ್ ಓಡಿಸುತ್ತಾನೆ, ತಲೆಯಲ್ಲಿ ನರೆ ಬಂದಿದೆ. ಹಬ್ಬಕ್ಕೆ ಫೋನ್ ಮಾಡಿದರೆ ಇವತ್ತಿಗೂ "ಚೆನ್ನಾಗಿದ್ದೀರಾ ಅಕ್ಕ?" ಎನ್ನುತ್ತಾನೆ. ಒಳ್ಳೆಯವನೇ, ತಪ್ಪು ಹುಡುಕಿದರೂ ಸಿಗುವುದಿಲ್ಲ. ಅವನು ತೊಟ್ಟಿಲಲ್ಲಿದ್ದಾಗ ಅನಾರ್ಕಾನಳಿಗೆ ಒಂದು ಜೋಗುಳ ಗೊತ್ತಿತ್ತು, ತವರಿನಿಂದ ಕಲಿತು ಬಂದದ್ದು. ಅತ್ತೆ ಕೋಣೆಯಲ್ಲಿದ್ದಾರೆ, ಏನಂದುಕೊಳ್ಳುತ್ತಾರೋ ಎಂದು ನುಂಗಿಕೊಂಡಳು. ಇವತ್ತು ಬೇಡ, ನಾಳೆ ಹಾಡುತ್ತೇನೆ ಎಂದು ನುಂಗಿಕೊಂಡಳು. ಮಗು ಎದ್ದು ಓಡಾಡುವ ಹೊತ್ತಿಗೆ ಹಾಡೂ ಮರೆತುಹೋಯಿತು. ಅತ್ತೆ ಯಾವತ್ತೂ ಬೇಡ ಅಂದಿರಲಿಲ್ಲ. ಬೇಡ ಅನ್ನಬೇಕಾದ ಅಗತ್ಯವೇ ಅವರಿಗೆ ಬರಲಿಲ್ಲ.

'ನಾನಾದರೂ ನುಂಗಿಕೊಂಡೆ,' ಎಂದುಕೊಂಡಳು ಅನಾರ್ಕಾನ್. 'ಈ ಹುಡುಗಿ ಬಾಯಿ ತೆರೆದಿದ್ದಳು. ನಾನು ಹೋಗಿ ಬೀಗ ಹಾಕಿದೆ.'

ಅವಳು ಎದ್ದು ಶಾಲು ಹೊದ್ದುಕೊಂಡು, ಮೊಣಕಾಲಿನ ತನಕದ ಹಿಮದಲ್ಲಿ ಆರೋಗ್ಯ ಕೇಂದ್ರಕ್ಕೆ ನಡೆದಳು. ಕುಲಿಪಾ ಒಲೆಗೆ ಬೆರಣಿ ಹಾಕುತ್ತಿದ್ದಳು.

"ಏನತ್ತಿಗೆ, ಈ ಚಳೀಲಿ? ಮಂಡಿ ನೋವಾ?"

"ಮಂಡಿಯಲ್ಲ ಕಣೇ, ಬುದ್ಧಿ ನೋವು. ನಾಲ್ಕು ದಿನ ಆಯ್ತು ಮಗುಗೆ ಓದಿ. ಪುಸ್ತಕ ನಾನೇ ಬಚ್ಚಿಟ್ಟೆ." ಅನಾರ್ಕಾನ್ ಬೆಂಚಿನ ಮೇಲೆ ಕುಸಿದು ಕೂತಳು. "ನಿಜ ಹೇಳು ಕುಲಿಪಾ. ಓದ್ತಾ ಓದ್ತಾ ಮಗು ಅವಳ ಕಡೆ ಹೊರಟೋಗುತ್ತೆ ಅಲ್ವಾ?"

ಕುಲಿಪಾ ನಗಲಿಲ್ಲ. "ಹೋಗುತ್ತೆ ಅತ್ತಿಗೆ. ಸುಳ್ಳ್ಯಾಕೆ ಹೇಳ್ಲಿ? ಹೋಗಿ ಕೇಳ್ಕೊಂಡು, ಓಡಿ ಬಂದು ನಿಮಗೇ ಹೇಳುತ್ತೆ. ಮಗು ಏನು ರೊಟ್ಟೀನಾ, ಒಬ್ರಿಗೆ ಮುರಿದು ಕೊಟ್ರೆ ಇನ್ನೊಬ್ರಿಗೆ ಕಮ್ಮಿ ಆಗೋಕೆ? ನೀವು ಕಥೆ ಹೇಳಿ, ನಿಮ್ಮಜ್ಜ ಹೇಳಿದ್ದು. ಅವಳು ಓದ್ಲಿ. ಎರ್ಮೆಕ್ ಬಂದಾಗ ಅವನೂ ಓದ್ಲಿ, ಅಪ್ಪ ಓದಿದ್ರೆ ಅಕ್ಷರ ಸವೆದೋಗಲ್ಲ. ನಾಲ್ಕು ದಿನ ತಪ್ಪಿತಾ? ತಪ್ಪಲಿ. ಐದನೇ ದಿನ ಶುರು ಮಾಡಿ."

"ಪದ್ಧತಿ ಮುರಿದಂಗಾಗಲ್ವಾ?"

"ಮಗು ನಿಮ್ಮ ಮಗ್ಗುಲಲ್ಲೇ ಮಲಗ್ಲಿ, ನಿಮ್ಮನ್ನೇ ಅವ್ವ ಅನ್ಲಿ. ಪದ್ಧತಿ ಎಲ್ಲಿ ಮುರೀತು? ನಮ್ಮ ಹಿರಿಯರು ಮಗೂನ ಕೊಟ್ಟಿದ್ದು ಅದಕ್ಕೆ ಪ್ರೀತಿ ಜಾಸ್ತಿ ಸಿಗ್ಲಿ ಅಂತ. ಒಬ್ರ ಪ್ರೀತಿ ಕಮ್ಮಿ ಆಗ್ಲಿ ಅಂತ ಅಲ್ಲ."

ಅನಾರ್ಕಾನ್ ಮನೆಗೆ ಬರುವಷ್ಟರಲ್ಲಿ ಎರ್ಮೆಕ್ ಬಂದಿದ್ದ. ಚಳಿಗಾಲದಲ್ಲಿ ಕುರಿಮಂದೆಯ ಜೊತೆ ಕಣಿವೆಯ ಆಚೆ ಇರುತ್ತಿದ್ದ ಅವನು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಬೆಗಾಯಿಮ್ ಚಹಾ ಹಾಕುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಮಗುವಿನ ಕಡೆ ಕಳ್ಳನೋಟ ಬೀರುತ್ತಿದ್ದವರು ಅನಾರ್ಕಾನ್ ಒಳಗೆ ಬಂದೊಡನೆ ನೋಟ ತಗ್ಗಿಸಿದರು. ಅನಾರ್ಕಾನ್ ನೇರವಾಗಿ ಹೋಗಿ ಪೆಟ್ಟಿಗೆಯ ಬೀಗ ತೆಗೆದಳು. ಎಲ್ಲರೂ ನೋಡುತ್ತಿದ್ದ ಹಾಗೆಯೇ ಕೋಟಿನ ಕೆಳಗಿನಿಂದ ಪುಸ್ತಕ ಎಳೆದಳು.

"ನಾನೇ ಇಟ್ಟಿದ್ದೆ," ಎಂದಳು. "ತಪ್ಪಾಯ್ತು."

ಅತ್ತೆಯ ಬಾಯಲ್ಲಿ ಆ ಮಾತು ಕೇಳಿ ಬೆಗಾಯಿಮ್‌ಳ ಕೈಯಲ್ಲಿದ್ದ ಬಟ್ಟಲು ತುಳುಕಿತು.

"ಬೆರ್ಮೆತ್, ಬಾ ಇಲ್ಲಿ. ಈ ಪುಸ್ತಕ ತಗೊಂಡು ನಿನ್ನ ಅಮ್ಮಂಗೆ ಕೊಡು. ಓದ್ತಾಳೆ."

ಮಗು ಪುಸ್ತಕವನ್ನು ಎದೆಗವಚಿಕೊಂಡು ನಿಂತಿತು. 'ಅಮ್ಮ' ಎಂಬ ಮಾತನ್ನು ಅದು ಕೇಳಿದ್ದು ಕಥೆಯಲ್ಲಿ ಮಾತ್ರ. ಹುಬ್ಬು ಗಂಟಿಕ್ಕಿ ಯೋಚಿಸಿತು.

"ಅಮ್ಮ ಮರಿಗಿರೋದು," ಎಂದಿತು. "ನಂಗೂ ಇದಾಳಾ?"

ಎರ್ಮೆಕ್ ಕಿಟಕಿಯ ಕಡೆ ತಿರುಗಿಕೊಂಡ. ಅನಾರ್ಕಾನ್ ಮಂಡಿಯೂರಿ ಕೂತು ಮಗುವಿನ ಎರಡು ಭುಜ ಹಿಡಿದಳು.

"ಇದಾಳೆ ಕಂದ. ನಿಂಗೆ ಅವ್ವಾನೂ ಇದಾಳೆ, ಅಮ್ಮಾನೂ ಇದಾಳೆ. ಅಗೋ, ಚಹಾ ಚೆಲ್ಕೊಂಡು ಕೂತಿದಾಳಲ್ಲ, ಅವಳೇ. ಮೊದಲಿಂದ್ಲೂ ಅಲ್ಲೇ ಇದ್ಲು. ನಾನೇ ನಿಂಗೆ ಹೇಳಿರ್ಲಿಲ್ಲ."

ಬೆರ್ಮೆತ್ ಬೆಗಾಯಿಮ್‌ಳನ್ನು ಹೊಸದಾಗಿ ನೋಡುವಂತೆ ನೋಡಿದಳು. ಒಂದೊಂದೇ ಹೆಜ್ಜೆ ಹೋದಳು. ಪುಸ್ತಕ ಕೊಟ್ಟು, ಅವಳ ಮಡಿಲಲ್ಲಿ ಕೂತು, ತಲೆ ಎತ್ತಿ ಮುಖ ನೋಡಿ, "ಮರಿಗೆ ಗಂಟೆ ಸಿಕ್ತಾ ಅಮ್ಮ?" ಎಂದು ಕೇಳಿದಳು.

ಬೆಗಾಯಿಮ್‌ಗೆ ಮೊದಲ ಪುಟ ಓದಲಾಗಲಿಲ್ಲ. ಕಣ್ಣೀರಿನಲ್ಲಿ ಅಕ್ಷರವೇ ಕಾಣುತ್ತಿರಲಿಲ್ಲ. ಆಗ ಎರ್ಮೆಕ್ ಪಕ್ಕಕ್ಕೆ ಬಂದು ಕೂತು, ಅನಾರ್ಕಾನಳ ಮುಖ ಒಮ್ಮೆ ನೋಡಿ, ತಾನೇ ಓದತೊಡಗಿದ. ಕುರಿ ಕೂಗಿ ಕೂಗಿ ಒರಟಾದ ಗಂಟಲು. ಅವನ ಯಾಕ್ ಎಷ್ಟು ಜೋರಾಗಿ ಗುಟುರು ಹಾಕಿತೆಂದರೆ ಬೆರ್ಮೆತ್ ಕೇಕೆ ಹಾಕಿ ನಕ್ಕಳು. ಎರಡನೆಯ ಪುಟಕ್ಕೆ ಬೆಗಾಯಿಮ್‌ಳ ದನಿಯೂ ಸೇರಿತು. ಅಂದು ಕಥೆ ಕೊನೆಯ ಪುಟದ ತನಕ ಹೋಯಿತು, ಮರಿಗೆ ಗಂಟೆಯೂ ಸಿಕ್ಕಿತು. ಅನಾರ್ಕಾನ್ ಖಾಲಿ ಮಡಿಲಲ್ಲಿ ಕೈ ಇಟ್ಟುಕೊಂಡು ಕೇಳಿದಳು. ಅಳು ಬಂತು, ಅತ್ತಳು. ಸಂಕಟವೂ ಇತ್ತು, ಸಮಾಧಾನವೂ ಇತ್ತು. ಪುಸ್ತಕ ಮುಚ್ಚಿದ್ದೇ ತಡ ಮಗು ಎದ್ದು ಓಡಿ ಬಂದು ಅವಳ ಕುತ್ತಿಗೆಗೆ ಜೋತುಬಿದ್ದು, "ಅವ್ವ, ಏನಾಯ್ತು ಗೊತ್ತಾ..." ಎಂದು ಇಡೀ ಕಥೆಯನ್ನು ಮೊದಲಿನಿಂದ ಹೇಳತೊಡಗಿತು.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅಜ್ಜಿ ತಾತಂದಿರೇ, ನಿಮ್ಮ ಮನೆಗೆ ಕುಲಿಪಾ ಬಂದು ಎಷ್ಟು ದಿನ ಓದಿದ್ರಿ ಎಂದು ಕೇಳಿದರೆ ನೀವೇನು ಹೇಳುತ್ತೀರಿ? ನನಗೆ ಹೇಳಬೇಡಿ, ನಿಮ್ಮಷ್ಟಕ್ಕೇ ಹೇಳಿಕೊಳ್ಳಿ. ಹಾಲುಗಲ್ಲದ ಮಗುವಿಗೇನು ಅರ್ಥವಾಗುತ್ತದೆ ಎನ್ನಬೇಡಿ. ಅದಕ್ಕೆ ನಿಮ್ಮ ದನಿ ಅರ್ಥವಾಗುತ್ತದೆ, ಉಳಿದದ್ದು ಹಿಂದೆಯೇ ಬರುತ್ತದೆ. ಪುಸ್ತಕ ಮಗುವಿನ ಕೈಗೆ ಎಟಕುವಲ್ಲಿಡಿ, ಹರಿದರೆ ಅಂಟಿಸಿ. ಓದಿದ್ದನ್ನೇ ಓದು ಎಂದರೆ ಬೇಸರಿಸದೆ ಓದಿ. ಓದು ಬಾರದವರು ಚಿತ್ರ ತೋರಿಸಿ ಬಾಯಿಗೆ ಬಂದ ಕಥೆ ಹೇಳಿ. ತಪ್ಪು ಹೇಳಿದಿರೆಂದು ಮಗು ದೂರು ಕೊಡುವುದಿಲ್ಲ. ಆದರೆ ದಿನವೂ ಹೇಳಿ. ಮಗು ಮಾತು ಬಾರದೆ ಹಿಂದುಳಿದಿದ್ದರೆ ದಾದಿಗೆ ಹೇಳಿ, ವೈದ್ಯರ ಹತ್ತಿರ ಕಿವಿಯನ್ನೂ ತೋರಿಸಿ. ಮನೆಯಲ್ಲಿ ಓದಲು ನಾಚುವವರು ಯಾರಾದರೂ ಇದ್ದರೆ, ಅವರಿಗೆ ದನಿ ಎತ್ತಲು ಹೇಳುವ ಹಿರಿಯರು ನೀವಾಗಿ.

ಮನೆಯಲ್ಲಿ ಪುಸ್ತಕವೇ ಇಲ್ಲ ಅನ್ನುತ್ತೀರಾ? ಕೈಯಲ್ಲಿ ಈ ಹಾಳೆ ಇದೆಯಲ್ಲ. ಮಗುವನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೇಲಿನಿಂದ ಶುರು ಮಾಡಿ, ಈ ಸಲ ಜೋರಾಗಿ.